ಕಾಯಕದ ಕರೆ, ಸಂಬಳದ ಲೆಕ್ಕ

ಒಂದೇ ಡಿಪೋದ ಮೂವರು ಬಸ್ ಕಂಡಕ್ಟರುಗಳನ್ನು ಕಲ್ಪಿಸಿಕೊಳ್ಳಿ. ಮೂವರಿಗೂ ಒಂದೇ ಖಾಕಿ ಸಮವಸ್ತ್ರ, ಹೆಗಲಿಗೆ ಒಂದೇ ಬಗೆಯ ಚೀಲ, ಕೈಯಲ್ಲಿ ಟಿಕೆಟ್ ಯಂತ್ರ. ಸಂಬಳವೂ ಹೆಚ್ಚುಕಡಿಮೆ ಒಂದೇ. "ಕೆಲಸ ಹೇಗಿದೆ?" ಎಂದು ಕೇಳಿದರೆ ಮಾತ್ರ ಉತ್ತರಗಳು ಬೇರೆ ಬೇರೆ.

"ಏನೋ ನಡೀತಾ ಇದೆ. ತಿಂಗಳಾದ ಮೇಲೆ ಸಂಬಳ ಆಗುತ್ತೆ, ಮನೆ ನಡೆಯುತ್ತೆ. ವಾರದ ರಜೆ ತಪ್ಪದಿದ್ದರೆ ಸಾಕು" ಎನ್ನುತ್ತಾನೆ ಮೊದಲನೆಯವನು.

"ಇನ್ನೆಷ್ಟು ದಿನ ಇದೇ ಚೀಲ ಹೊತ್ತು ತಿರುಗೋದು ಸಾರ್? ಸಂಚಾರ ನಿಯಂತ್ರಕರ ಹುದ್ದೆಗೆ ಬಡ್ತಿ ಸಿಗಬೇಕು. ಅದಕ್ಕೇ ಕಾಯ್ತಾ ಇದೀನಿ" ಎನ್ನುತ್ತಾನೆ ಎರಡನೆಯವನು.

ಮೂರನೆಯವನದು ಬೇರೆಯೇ ಧಾಟಿ. "ಕೊನೇ ಹಳ್ಳಿಯಿಂದ ಬೆಳಿಗ್ಗೆ ಹೊರಡೋ ಮೊದಲ ಬಸ್ಸು ನಮ್ಮದು. ಅದು ತಡವಾದ್ರೆ ಹೈಸ್ಕೂಲು ಮಕ್ಕಳಿಗೆ ಮೊದಲ್ನೇ ಪೀರಿಯಡ್ಡು ಹೋಯ್ತು ಅಂತ್ಲೇ ಲೆಕ್ಕ. ಹಾಲಿನ ಕ್ಯಾನು, ಆಸ್ಪತ್ರೆಗೆ ಹೋಗೋರು, ಎಲ್ಲಾ ನಮ್ಮ ಬಸ್ಸೇ."

ಕೆಲಸ ಒಂದೇ. ಅದರೊಡನೆ ಮನಸ್ಸಿಗಿರುವ ನಂಟು ಮಾತ್ರ ಮೂರು ಬಗೆಯದು. ಈ ಮೂವರಲ್ಲಿ ಹೆಚ್ಚು ನೆಮ್ಮದಿಯಿಂದ ಬಾಳುವವನು ಯಾರು? ಮೂರನೆಯವನೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮನಶ್ಶಾಸ್ತ್ರಜ್ಞರ ಅಧ್ಯಯನಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತವೆ. ಆದರೆ ಈ ಉತ್ತರಕ್ಕೆ ಕೆಲವು ಷರತ್ತುಗಳಿವೆ. ಆ ಷರತ್ತುಗಳನ್ನು ಮರೆತರೆ, ಮೂರನೆಯವನ ಒಳ್ಳೆಯತನವೇ ಅವನಿಗೆ ಮುಳುವಾಗುವುದೂ ಉಂಟು.

ಮೂರು ಬಗೆಯ ನಂಟು

ಕೆಲಸವನ್ನು ಹೊಟ್ಟೆಪಾಡಿನ ನೌಕರಿ, ಮೇಲೇರುವ ವೃತ್ತಿಜೀವನ ಮತ್ತು ಒಳಗಿನ ಕರೆ ಎಂದು ಮೂರಾಗಿ ವಿಂಗಡಿಸುವ ಕ್ರಮವನ್ನು ಹೆಚ್ಚು ಪ್ರಚಾರಕ್ಕೆ ತಂದವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಬೆಲ್ಲಾ ಮತ್ತು ಅವರ ಸಂಗಡಿಗರು. ಅವರ ಪುಸ್ತಕ ಹೊರಬಂದದ್ದು 1985ರಲ್ಲಿ. ಹನ್ನೆರಡು ವರ್ಷಗಳ ನಂತರ, 1997ರಲ್ಲಿ, ಏಮಿ ರೆಜ್ನೆಸ್ಕಿ ಎಂಬ ಸಂಶೋಧಕಿ ಮತ್ತು ಅವರ ಮೂವರು ಸಹೋದ್ಯೋಗಿಗಳು ಈ ವಿಂಗಡಣೆಯನ್ನು ಪರೀಕ್ಷೆಗೆ ಒಡ್ಡಿದರು.

ಅವರು ಬಳಸಿದ ವಿಧಾನ ಸರಳವಾದುದು. ಮೂರು ಪುಟ್ಟ ಪರಿಚಯಗಳನ್ನು ಬರೆದರು. ಮೊದಲ ವ್ಯಕ್ತಿ ದುಡ್ಡಿಗಾಗಿ ದುಡಿಯುವವನು, ಎರಡನೆಯ ವ್ಯಕ್ತಿ ಬಡ್ತಿಯತ್ತ ಕಣ್ಣಿಟ್ಟವನು, ಮೂರನೆಯ ವ್ಯಕ್ತಿಗೆ ಕೆಲಸವೇ ಬಾಳಿನ ಮುಖ್ಯ ಭಾಗ. ಪ್ರತಿಯೊಂದು ಪರಿಚಯವೂ ನಿಮಗೆಷ್ಟು ಹೊಂದುತ್ತದೆ ಎಂದು 196 ಉದ್ಯೋಗಿಗಳನ್ನು ಕೇಳಿದರು. ಹೆಚ್ಚಿನವರು ತಡವರಿಸದೆ ತಮ್ಮ ಗುಂಪನ್ನು ಗುರುತಿಸಿಕೊಂಡರು. ಸ್ಥೂಲವಾಗಿ ಮೂರರಲ್ಲಿ ಒಂದೊಂದು ಪಾಲು ಒಂದೊಂದು ಗುಂಪಿಗೆ ಬಿತ್ತು. ಮೂರನೆಯ ಗುಂಪಿನವರಲ್ಲಿ ಕೆಲಸದ ತೃಪ್ತಿಯೂ ಹೆಚ್ಚು, ಒಟ್ಟು ಬಾಳಿನ ತೃಪ್ತಿಯೂ ಹೆಚ್ಚು ಎಂಬುದು ಕಂಡುಬಂತು.

ಇಲ್ಲೊಂದು ಸಂಶಯ ಏಳುತ್ತದೆ. ವೈದ್ಯರು ತಮ್ಮ ಕೆಲಸವನ್ನು ಒಳಗಿನ ಕರೆ ಎನ್ನುವುದು ಸುಲಭ. ಅವರಿಗೆ ಸಂಬಳವೂ ಇದೆ, ಗೌರವವೂ ಇದೆ. ಗುಮಾಸ್ತರಿಗೆ ಅದು ಎಲ್ಲಿಂದ ಬರಬೇಕು? ಈ ಸಂಶಯಕ್ಕೆ ಉತ್ತರವೂ ಅದೇ ಅಧ್ಯಯನದಲ್ಲಿತ್ತು. ಸಮೀಕ್ಷೆಯಲ್ಲಿ ಪಾಲ್ಗೊಂಡವರಲ್ಲಿ 24 ಮಂದಿ ಕಚೇರಿ ಸಹಾಯಕರು. ಪತ್ರ ಬರೆಯುವುದು, ಕಡತ ಜೋಡಿಸುವುದು, ಫೋನಿಗೆ ಉತ್ತರಿಸುವುದು ಇಂಥವರ ದಿನಚರಿ. ಈ 24 ಮಂದಿಯನ್ನೇ ಪ್ರತ್ಯೇಕಿಸಿ ನೋಡಿದಾಗಲೂ ಅವರು ಮೂರು ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಎಂದರೆ, ಕರೆ ಎಂಬುದು ಹುದ್ದೆಯ ಹೆಸರಿಗೆ ಅಂಟಿಕೊಂಡು ಬರುವ ವಸ್ತುವಲ್ಲ.

ಕನ್ನಡಿಗರಿಗೆ ಇದು ತೀರ ಹೊಸ ವಿಚಾರವೇನೂ ಅಲ್ಲ. ಪಶ್ಚಿಮದಲ್ಲಿ ಈ ಕಲ್ಪನೆಯ ಬೇರನ್ನು ಹುಡುಕಿದ ಮ್ಯಾಕ್ಸ್ ವೆಬರ್, 16ನೆಯ ಶತಮಾನದ ಮಾರ್ಟಿನ್ ಲೂಥರನವರೆಗೆ ಹೋದ. ಬೈಬಲನ್ನು ಜರ್ಮನ್ ಭಾಷೆಗೆ ತಂದ ಲೂಥರ್, ದೇವರ ಕರೆ ಎಂಬ ಅರ್ಥವಿದ್ದ 'ಬೆರೂಫ್' ಎಂಬ ಪದವನ್ನು ಸಾಮಾನ್ಯರ ಕಸುಬಿಗೂ ಬಳಸಿದ್ದ. ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲು ಕಲ್ಯಾಣದ ಶರಣರು ಕಾಯಕ ಎಂಬ ಪದಕ್ಕೆ ಹೊಸ ಜೀವ ತುಂಬಿದ್ದರು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬೀದಿ ಗುಡಿಸುವ ಸತ್ಯಕ್ಕ, ಬಿಜ್ಜಳನ ಭಂಡಾರ ನೋಡಿಕೊಳ್ಳುವ ಬಸವಣ್ಣ, ಇವರೆಲ್ಲರ ದುಡಿಮೆಗೂ ಒಂದೇ ಹೆಸರು, ಒಂದೇ ಬೆಲೆ. ಶರಣರ ಕಾಯಕಕ್ಕೆ ಧರ್ಮದ ನೆಲೆಯಿತ್ತು. ಮನಶ್ಶಾಸ್ತ್ರಜ್ಞರ ಕರೆಗೆ ಅದು ಇರಲೇಬೇಕೆಂದಿಲ್ಲ. ಆದರೂ ಎರಡರ ತಿರುಳು ಹತ್ತಿರವಾದುದು. ಆದ್ದರಿಂದ ಇದನ್ನು ಕಾಯಕಭಾವ ಎಂದು ಕರೆದರೆ ತಪ್ಪಾಗದು.

ತೃಪ್ತಿಗೆ ಅಳತೆಗೋಲು

ಬಾಳಿನ ತೃಪ್ತಿಯನ್ನು ಅಳೆಯುವುದಾದರೂ ಹೇಗೆ? ಜ್ವರಕ್ಕೆ ಉಷ್ಣಮಾಪಕವಿದೆ, ರಕ್ತದೊತ್ತಡಕ್ಕೆ ಒಂದು ಉಪಕರಣವಿದೆ. ತೃಪ್ತಿಗೆ ಅಂಥ ಪಾದರಸದ ಕೊಳವೆ ಇಲ್ಲ. ಕೇಳಿಯೇ ತಿಳಿಯಬೇಕು.

ಇದಕ್ಕಾಗಿ ಎಡ್ ಡೀನರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1985ರಲ್ಲಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಅದರಲ್ಲಿರುವುದು ಐದೇ ಹೇಳಿಕೆಗಳು. ಬಾಳು ತಾನು ಬಯಸಿದ ರೀತಿಯಲ್ಲಿದೆಯೇ, ಅದರ ಸ್ಥಿತಿಗತಿ ಚೆನ್ನಾಗಿದೆಯೇ, ಮುಖ್ಯವಾದುವೆಲ್ಲ ದಕ್ಕಿವೆಯೇ, ಮತ್ತೊಮ್ಮೆ ಬಾಳುವ ಅವಕಾಶ ಸಿಕ್ಕರೆ ಬದಲಿಸಬೇಕಾದದ್ದು ಎಷ್ಟಿದೆ, ಹೀಗೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಒಟ್ಟು ಅಂಕ ಕನಿಷ್ಠ 5, ಗರಿಷ್ಠ 35. ಸರಿಯಾಗಿ ನಡುವೆ ನಿಲ್ಲುವುದು 20. ಇಷ್ಟು ಸರಳವಾದ ಅಳತೆಗೋಲು ಇಂದು ಜಗತ್ತಿನ ಅನೇಕ ಭಾಷೆಗಳಲ್ಲಿ ಬಳಕೆಯಲ್ಲಿದೆ.

ಗಮನಿಸಬೇಕಾದ ಅಂಶವೆಂದರೆ, ಇದು ಆ ಕ್ಷಣದ ಸಂತೋಷದ ಅಳತೆಯಲ್ಲ. ಮಸಾಲೆ ದೋಸೆ ತಿಂದ ಖುಷಿ ಬೇರೆ, ಬಾಳನ್ನು ಹಿಂದಿರುಗಿ ನೋಡಿ 'ಪರವಾಗಿಲ್ಲ' ಎನ್ನುವ ಭಾವ ಬೇರೆ. ಕಾಯಕಭಾವಕ್ಕೂ ಈ ಎರಡನೆಯ ಭಾವಕ್ಕೂ ನಂಟಿದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ಆ ನಂಟು ಉಕ್ಕಿನ ಸರಪಳಿಯಂತೆ ಬಿಗಿಯಾದುದಲ್ಲ. ಕಾಯಕಭಾವ ಕೆಲಸದ ತೃಪ್ತಿಗೆ ತೀರ ಹತ್ತಿರ, ಒಟ್ಟು ಬಾಳಿನ ತೃಪ್ತಿಗೆ ತುಸು ದೂರ. ಬಾಳೆಂದರೆ ಕೆಲಸವೊಂದೇ ಅಲ್ಲವಷ್ಟೆ. ಆರೋಗ್ಯ, ಮನೆಯ ಜನ, ಸಾಲ, ನೆರೆಹೊರೆ ಎಲ್ಲವೂ ಅದರಲ್ಲಿ ಸೇರಿವೆ.

ಮುದುಕಿಯ ಕೋಳಿ

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದು ನಂಬಿದ್ದ ಮುದುಕಿಯ ಕಥೆ ಎಲ್ಲರಿಗೂ ಗೊತ್ತು. ಕೋಪಿಸಿಕೊಂಡು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಡು ಸೇರಿದಳು. ಊರಿಗೆ ಎಂದಿನಂತೆ ಬೆಳಗಾಯಿತು. ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು ಎಂಬ ವಿಜ್ಞಾನದ ಮೊದಲ ಪಾಠವನ್ನು ಈ ಕಥೆಗಿಂತ ಚೆನ್ನಾಗಿ ಹೇಳುವುದು ಕಷ್ಟ.

ಕಾಯಕಭಾವ ಮತ್ತು ತೃಪ್ತಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ, ಸರಿ. ಕಾಯಕಭಾವದಿಂದ ತೃಪ್ತಿ ಬಂತೇ? ಅಥವಾ ಸ್ವಭಾವತಃ ತೃಪ್ತರಾದವರು ಮಾಡುವ ಕೆಲಸದಲ್ಲೆಲ್ಲ ಅರ್ಥ ಕಾಣುತ್ತಾರೆಯೇ? ಒಳ್ಳೆಯ ಮೇಲಧಿಕಾರಿ, ಗಟ್ಟಿ ಆರೋಗ್ಯ, ಖಾತರಿಯ ಸಂಬಳ ಇವೇ ಎರಡಕ್ಕೂ ಮೂಲವಿರಬಹುದಲ್ಲ? ಒಮ್ಮೆ ನಡೆಸಿ ಮುಗಿಸುವ ಸಮೀಕ್ಷೆ ಇದನ್ನು ಬಿಡಿಸಿ ಹೇಳಲಾರದು. ಪ್ರಯೋಗವೇ ಆಗಬೇಕು.

ಅಂಥದೊಂದು ಪ್ರಯೋಗವನ್ನು ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕಾಗಿ ಫೋನಿನ ಮೂಲಕ ದೇಣಿಗೆ ಕೇಳುವ ಕೆಲಸಗಾರರು ಅಲ್ಲಿದ್ದರು. ದಿನವಿಡೀ 'ಬೇಡ' ಎನ್ನಿಸಿಕೊಳ್ಳುವ ನೀರಸ ಕೆಲಸವದು. ಅವರಲ್ಲಿ ಒಂದು ಗುಂಪಿಗೆ, ಆ ದೇಣಿಗೆಯಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಲಾಯಿತು. ಉಳಿದವರಿಗೆ ಆ ಭೇಟಿಯಿರಲಿಲ್ಲ. ಒಂದು ತಿಂಗಳ ಬಳಿಕ ನೋಡಿದರೆ, ಭೇಟಿಯಾದವರು ಫೋನಿನಲ್ಲಿ ಕಳೆಯುತ್ತಿದ್ದ ಸಮಯ ಮೊದಲಿನ ಎರಡು ಪಟ್ಟನ್ನೂ ಮೀರಿತ್ತು. ಸಂಗ್ರಹಿಸಿದ ಹಣವೂ ಹಾಗೆಯೇ ಏರಿತ್ತು. ಸಂಬಳ ಬದಲಾಗಿರಲಿಲ್ಲ, ಕೆಲಸ ಬದಲಾಗಿರಲಿಲ್ಲ. ತಮ್ಮ ದುಡಿಮೆ ಯಾರಿಗೆ ಮುಟ್ಟುತ್ತದೆ ಎಂಬುದು ಕಣ್ಣಿಗೆ ಕಂಡಿತ್ತು, ಅಷ್ಟೆ.

ಈ ಪ್ರಯೋಗ ಬಾಳಿನ ತೃಪ್ತಿಯನ್ನು ಅಳೆಯಲಿಲ್ಲ, ನಿಜ. ಆದರೆ ಕೆಲಸದ ಅರ್ಥ ಕೇವಲ ಹುಟ್ಟುಸ್ವಭಾವದ ಫಲವಲ್ಲ, ಹೊರಗಿನ ಸಂದರ್ಭವೂ ಅದನ್ನು ಬದಲಿಸಬಲ್ಲದು ಎಂಬುದನ್ನು ತೋರಿಸಿಕೊಟ್ಟಿತು.

ನೆಲ ಒರೆಸುವವರ ಪಾಠ

ರೆಜ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ಸಂಶೋಧಕಿಯರು ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ, ಕಸ ಎತ್ತುವ ಸಿಬ್ಬಂದಿಯನ್ನು ಮಾತನಾಡಿಸಿದರು. ಎಲ್ಲರಿಗೂ ಒಪ್ಪಿಸಿದ್ದ ಕೆಲಸದ ಪಟ್ಟಿ ಒಂದೇ. ಕೆಲವರು ಆ ಪಟ್ಟಿಯಲ್ಲಿ ಇದ್ದಷ್ಟನ್ನೇ ಮಾಡಿ ಮನೆಗೆ ಹೋಗುತ್ತಿದ್ದರು. ತಮ್ಮ ಕೆಲಸಕ್ಕೆ ಯಾವ ಕೌಶಲವೂ ಬೇಡ ಎಂದು ಅವರೇ ಹೇಳಿದರು. ಇನ್ನು ಕೆಲವರು ಪಟ್ಟಿಯಲ್ಲಿಲ್ಲದ ಎಷ್ಟನ್ನೋ ಮಾಡುತ್ತಿದ್ದರು. ರೋಗಿಗಳೊಡನೆ ಎರಡು ಮಾತಾಡುವುದು, ದಾರಿ ತಪ್ಪಿದ ಬಂಧುಗಳನ್ನು ವಾರ್ಡಿಗೆ ಮುಟ್ಟಿಸುವುದು, ನರ್ಸುಗಳ ಕೆಲಸದ ಹೊತ್ತು ನೋಡಿಕೊಂಡು ತಮ್ಮ ಕೆಲಸ ಹೊಂದಿಸಿಕೊಳ್ಳುವುದು ಹೀಗೆ. ತಾವೂ ರೋಗಿಗಳನ್ನು ಗುಣಪಡಿಸುವ ತಂಡದವರು ಎಂಬುದು ಅವರ ಭಾವನೆ. ತಮ್ಮ ಕೆಲಸಕ್ಕೆ ಸಾಕಷ್ಟು ಜಾಣ್ಮೆ ಬೇಕೆಂದೂ ಅವರು ಹೇಳಿದರು.

2001ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಇಬ್ಬರು ಇದನ್ನು ಕೆಲಸವನ್ನು ತಾನೇ ಕಡೆದುಕೊಳ್ಳುವ ಕಲೆ ಎಂದು ವಿವರಿಸಿದರು. ಶಿಲ್ಪಿ ಕೊಟ್ಟ ಕಲ್ಲಿನಲ್ಲೇ ಮೂರ್ತಿ ಕಡೆಯುವಂತೆ, ಕೊಟ್ಟ ಕೆಲಸದೊಳಗೇ ತನಗೊಪ್ಪುವ ರೂಪವನ್ನು ಕಂಡುಕೊಳ್ಳುವುದು ಇದರ ಅರ್ಥ. ಕರೆ ಆಕಾಶದಿಂದ ಇಳಿದು ಬರುವವರೆಗೆ ಕಾಯಬೇಕಿಲ್ಲ. ಕೆಲವೊಮ್ಮೆ ಅದು ಕೈಯಲ್ಲಿರುವ ಪೊರಕೆಯ ತುದಿಯಲ್ಲೂ ಸಿಗಬಹುದು.

ಕರೆಗೆ ಓಗೊಡಲಾಗದವರು

ಆದರೆ ಎಲ್ಲರಿಗೂ ಹಾಗೆ ಸಿಗುವುದಿಲ್ಲ. ಹಾಡುಗಾರನಾಗಬೇಕೆಂದವನು ಬ್ಯಾಂಕಿನ ಕೌಂಟರಿನಲ್ಲಿ ಕೂತಿರುತ್ತಾನೆ. ವಿಜ್ಞಾನ ಓದಬೇಕೆಂದವಳು ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದಿರುತ್ತಾಳೆ. ಕರೆ ಕೇಳಿಸಿದೆ, ಓಗೊಡಲು ದಾರಿಯಿಲ್ಲ.

ರಯಾನ್ ಡಫಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿತು. ಕರೆ ಇದೆ ಎಂದುಕೊಳ್ಳುವುದರಿಂದಷ್ಟೇ ಬಾಳಿನ ತೃಪ್ತಿ ಏರುವುದಿಲ್ಲ, ದಿನದ ಕೆಲಸದಲ್ಲಿ ಅದನ್ನು ಬಾಳಲು ಸಾಧ್ಯವಾದಾಗ ಮಾತ್ರ ಏರುತ್ತದೆ ಎಂಬುದು ಅದರ ಸಾರ. ಎರಡು ವರ್ಷಗಳ ನಂತರ ಗಜಿಕಾ ಮತ್ತು ಸ್ಪೆಕ್ಟರ್ ಎಂಬ ಸಂಶೋಧಕರು 378 ಮಂದಿ ಅಮೆರಿಕನ್ ಅಧ್ಯಾಪಕರನ್ನು ಅಭ್ಯಸಿಸಿದರು. ಕರೆಗೆ ಓಗೊಟ್ಟವರ ಸ್ಥಿತಿ ಎಲ್ಲರಿಗಿಂತ ಚೆನ್ನಾಗಿತ್ತು. ಆದರೆ ಕರೆ ಕೇಳಿಯೂ ಓಗೊಡಲಾಗದವರು, ಯಾವ ಕರೆಯೂ ಇಲ್ಲದವರಿಗಿಂತ ಹೆಚ್ಚು ಕುಗ್ಗಿದ್ದರು. ಆಸೆಯೇ ಇಲ್ಲದವನಿಗಿಂತ ಆಸೆ ಕೈತಪ್ಪಿದವನ ಸಂಕಟ ದೊಡ್ಡದು.

'ನಿನ್ನ ಒಳದನಿಯನ್ನು ಹಿಂಬಾಲಿಸು' ಎಂದು ಎಳೆಯರಿಗೆ ಸಭೆಗಳಲ್ಲಿ ಉಪದೇಶಿಸುವವರು ಈ ಮಾತನ್ನು ನೆನಪಿಡಬೇಕು. ಹಿಂಬಾಲಿಸಲು ರಸ್ತೆಯೂ ಇರಬೇಕು, ದಾರಿಖರ್ಚೂ ಇರಬೇಕು.

ಕರೆಯನ್ನು ಸಂಬಳದ ಕೆಲಸದಲ್ಲೇ ಹುಡುಕಬೇಕೆಂದೇನೂ ಇಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ಅಧಿಕಾರಿಯಾಗಿದ್ದುಕೊಂಡೇ ಸಣ್ಣಕತೆಗಳನ್ನು ಬರೆದರು. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಸಿಕ್ಕಾಗ, 1943ರಲ್ಲಿ, ರಾಜೀನಾಮೆ ಕೊಟ್ಟು ಹೊರಬಂದರು. ನೌಕರಿ ನಿಂತಿತು, ಬರವಣಿಗೆ ನಿಲ್ಲಲಿಲ್ಲ. 'ಚಿಕವೀರ ರಾಜೇಂದ್ರ' ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿ ಬಂತು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರದು ಇನ್ನೊಂದು ಬಗೆ. ಹಣ್ಣಿನ ಬೆಲೆ ಎಷ್ಟೆಂದು ವಿದೇಶಿಯರು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಿಸಲಾಗದೆ ನಾಚಿದ ಆ ಅನಕ್ಷರಸ್ಥರು, ತಮ್ಮೂರ ಮಕ್ಕಳಿಗೆ ಆ ಸ್ಥಿತಿ ಬರಬಾರದೆಂದು ದುಡಿದ ಹಣ ಕೂಡಿಟ್ಟು ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರಿಗೆ ಕಿತ್ತಳೆ ಮಾರಾಟ ಹೊಟ್ಟೆಪಾಡು, ಶಾಲೆಯೇ ಕಾಯಕ.

ಇಬ್ಬಾಯಿ ಖಡ್ಗ

ಇಷ್ಟಾದರೆ ಕಥೆ ಸುಖಾಂತ್ಯವಾಗುತ್ತಿತ್ತು. ಆದರೆ 2009ರಲ್ಲಿ ಸ್ಟುವರ್ಟ್ ಬಂಡರ್ಸನ್ ಮತ್ತು ಜೆಫ್ರಿ ಥಾಮ್ಸನ್ ಎಂಬ ಇಬ್ಬರು ಸಂಶೋಧಕರು ನಾಣ್ಯದ ಮತ್ತೊಂದು ಮುಖವನ್ನು ತೋರಿಸಿದರು. ಅವರು ಆರಿಸಿಕೊಂಡದ್ದು ಮೃಗಾಲಯಗಳಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರನ್ನು. ಅಮೆರಿಕ ಮತ್ತು ಕೆನಡಾದ 157 ಮೃಗಾಲಯಗಳ 982 ಮಂದಿ ಇವರ ಪ್ರಶ್ನೆಗಳಿಗೆ ಉತ್ತರಿಸಿದರು.

ಪ್ರಾಣಿಪಾಲಕರ ಕೆಲಸ ಎಂಥದು? ಸಗಣಿ ಬಾಚುವುದು, ಬೋನು ತೊಳೆಯುವುದು, ಮೇವು ಹಾಕುವುದು, ಮಳೆಯಿರಲಿ ಹಿಮವಿರಲಿ ಹಬ್ಬದ ದಿನವೂ ಹಾಜರಾಗುವುದು. ಇವರಲ್ಲಿ ಹೆಚ್ಚಿನವರು ಕಾಲೇಜು ಪದವೀಧರರು. ಸಂಬಳ ಮಾತ್ರ ಪದವಿಗೆ ತಕ್ಕುದಲ್ಲ. ಆದರೂ ತಾವು ಈ ಕೆಲಸಕ್ಕೆಂದೇ ಹುಟ್ಟಿದವರು ಎಂದು ಅನೇಕರು ಹೇಳಿದರು. ಕರೆ ಬಲವಾಗಿದ್ದಷ್ಟೂ ಕೆಲಸ ಅವರಿಗೆ ಅರ್ಥಪೂರ್ಣವಾಗಿ ಕಂಡಿತು. ಅದರೊಡನೆ ಕರ್ತವ್ಯದ ಹೊರೆಯೂ ಭಾರವಾಯಿತು. ಹಣ, ವಿರಾಮ, ದೇಹಸುಖ ಇವನ್ನು ಬಿಟ್ಟುಕೊಡಲು ಅವರು ಹೆಚ್ಚು ಸಿದ್ಧರಿದ್ದರು. ತಮ್ಮ ಈ ಸಿದ್ಧತೆಯನ್ನು ಆಡಳಿತ ಬಳಸಿಕೊಳ್ಳುತ್ತದೆಯೇ ಎಂಬ ಸಂಶಯವೂ ಅವರನ್ನು ಕಾಡುತ್ತಿತ್ತು. ಇಂಥ ಆಳವಾದ ನಂಟನ್ನು ಸಂಶೋಧಕರು ಇಬ್ಬಾಯಿ ಖಡ್ಗಕ್ಕೆ ಹೋಲಿಸಿದ್ದು ಇದೇ ಕಾರಣಕ್ಕೆ.

ಆ ಸಂಶಯ ಆಧಾರವಿಲ್ಲದ್ದಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಸರಣಿ ಅಧ್ಯಯನಗಳಲ್ಲಿ ಜನರಿಗೆ ಕೆಲಸಗಾರರ ವೃತ್ತಾಂತಗಳನ್ನು ಓದಲು ಕೊಟ್ಟರು. ಕೆಲಸಗಾರ ತನ್ನ ಕೆಲಸವನ್ನು ತುಂಬ ಪ್ರೀತಿಸುತ್ತಾನೆ ಎಂದು ತಿಳಿದಾಗ, ಅವನಿಂದ ಸಂಬಳವಿಲ್ಲದೆ ಹೆಚ್ಚು ಹೊತ್ತು ದುಡಿಸುವುದು, ಅವನ ಕೆಲಸಕ್ಕೆ ಸಂಬಂಧವಿಲ್ಲದ ಚಾಕರಿ ಮಾಡಿಸುವುದು ಅಷ್ಟೇನೂ ತಪ್ಪಲ್ಲ ಎಂದು ಓದಿದವರಿಗೆ ಅನ್ನಿಸಿತು. 'ಹೇಗೂ ಅವನಿಗೆ ಇಷ್ಟ ತಾನೆ' ಎಂಬ ಸಮಾಧಾನ. ದುಡಿಯುವವನ ಪ್ರೀತಿಯೇ ದುಡಿಸಿಕೊಳ್ಳುವವನ ಕೈಯಲ್ಲಿ ನೆಪವಾಗುವುದು ಹೀಗೆ.

ಪ್ರಶಸ್ತಿ ಮತ್ತು ಪಗಾರ

ಇದು ದೂರದ ದೇಶದ ಮಾತಷ್ಟೇ ಅಲ್ಲ. ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ಮನೆ ಬಾಗಿಲಿಗೆ ಮೊದಲು ಬರುವ ಆಶಾ ಕಾರ್ಯಕರ್ತೆಯನ್ನು ನೆನೆಯಿರಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆರಂಭವಾದ ಯೋಜನೆಯಿದು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅದೇ ಊರಿನ ಮಹಿಳೆಯನ್ನು ಆರಿಸಿ ತರಬೇತಿ ಕೊಡಲಾಯಿತು. ಗರ್ಭಿಣಿಯರ ಹೆಸರು ಬರೆದುಕೊಳ್ಳುವುದು, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು, ಹಸುಗೂಸಿನ ಮನೆಗೆ ಮತ್ತೆ ಮತ್ತೆ ಭೇಟಿ ಕೊಡುವುದು, ಲಸಿಕೆಯ ದಿನ ತಾಯಂದಿರನ್ನು ಕೂಡಿಸುವುದು, ಕ್ಷಯ ರೋಗಿ ಮಾತ್ರೆ ನುಂಗಿದನೇ ಎಂದು ನೋಡುವುದು ಎಲ್ಲವೂ ಅವಳ ಪಾಲಿಗೆ ಬಂದವು. 2020ರಲ್ಲಿ ಕೊರೋನಾ ಬಂದಾಗ ಮನೆ ಮನೆ ತಿರುಗಿ ಸಮೀಕ್ಷೆ ಮಾಡಿದವಳೂ ಅವಳೇ. ನಡುರಾತ್ರಿ ಹೆರಿಗೆ ನೋವು ಎಂದು ಯಾರಾದರೂ ಕದ ಬಡಿದರೆ, ಅವಳಿಗೆ ಅದು ನಿಜವಾದ ಅರ್ಥದಲ್ಲಿ ಕರೆ.

ಆದರೆ ಆರಂಭದಿಂದಲೇ ಅವಳಿಗೆ ಕೊಟ್ಟ ಹೆಸರು 'ಸ್ವಯಂಸೇವಕಿ'. ಅವಳು ಪಡೆಯುವುದು ವೇತನವಲ್ಲ, ಗೌರವಧನ ಮತ್ತು ಕೆಲಸದ ಲೆಕ್ಕದ ಪ್ರೋತ್ಸಾಹಧನ. ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು ಎಂಬ ಲೆಕ್ಕ. ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ಕೊಡಬೇಕೆಂದು 2013ರಲ್ಲಿ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವೇ ಶಿಫಾರಸು ಮಾಡಿತ್ತು. ಕರ್ನಾಟಕದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ, ಸೋಂಕಿನ ಭಯದ ನಡುವೆಯೇ, ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟು ಗೌರವಿಸಿತು. ಮೂರು ವರ್ಷ ತುಂಬುವ ಮೊದಲೇ, 2025ರ ಜನವರಿಯ ಚಳಿಯಲ್ಲಿ, ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಅಹೋರಾತ್ರಿ ಕುಳಿತರು. ಬೇಡಿಕೆ 15,000 ರೂಪಾಯಿ. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದು ಊರಿಗೆ ಮರಳಿದರು. ಮರಳಿದ ಮೇಲೆ ಮತ್ತೆ ಅದೇ ಬಾಣಂತಿಯರ ಮನೆ ಬಾಗಿಲು.

ಸೇವೆ ಎಂಬ ಪದ ಎಷ್ಟು ದೊಡ್ಡದೋ ಅಷ್ಟೇ ಅಪಾಯಕಾರಿ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಗುರುವನ್ನು ದೇವರ ಪಕ್ಕದಲ್ಲಿ ಕೂರಿಸಲಾಗುತ್ತದೆ. ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಅತಿಥಿ ಶಿಕ್ಷಕಿಯ ನೇಮಕ ಶಾಲಾ ವರ್ಷದೊಂದಿಗೇ ಮುಗಿಯುತ್ತದೆ. ಹೂವಿನ ಹಾರ ಹಾಕಿಸಿಕೊಂಡ ದಿನ ಅವಳ ಮನಸ್ಸು ಅರಳುವುದು ನಿಜ. ರಜೆಯ ತಿಂಗಳ ದಿನಸಿ ಅಂಗಡಿಯ ಲೆಕ್ಕವೂ ಅಷ್ಟೇ ನಿಜ.

ಕರೆಯೋ, ಹೇರಿಕೆಯೋ?

ಕಾಯಕವನ್ನು ಹೊಗಳುವಾಗ ನಮ್ಮ ನಾಡಿನಲ್ಲಿ ಮರೆಯಬಾರದ ಇನ್ನೊಂದು ಮಾತಿದೆ. ಕರೆ ಎನ್ನುವುದು ಒಳಗಿನಿಂದ ಕೇಳಿಸಬೇಕು. ಹೊರಗಿನವರು ಹೇರಿದರೆ ಅದು ಕರೆಯಲ್ಲ. ಹುಟ್ಟಿನ ಆಧಾರದ ಮೇಲೆ ಕೆಲಸ ಹಂಚಿದ ಸಮಾಜ, ಹೇರಿಕೆಗೆ ಧರ್ಮ ಎಂಬ ಹೆಸರು ಕೊಟ್ಟು ಬಹುಕಾಲ ನಡೆಸಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿ ಕರ್ನಾಟಕದ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದಾಗ ಮುಗಿಸಬೇಕೆಂದದ್ದು ಈ ಹೇರಿಕೆಯನ್ನೇ. ಕೇಂದ್ರದ ಕಾನೂನುಗಳು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಅಂಥ ಕೆಲಸಕ್ಕೆ ಯಾರಾದರೂ ಕಾಯಕದ ಬಣ್ಣ ಬಳಿಯಲು ಬಂದರೆ, ಅವರು ಅದನ್ನು ಒಂದು ದಿನವಾದರೂ ಮಾಡಿ ನೋಡಲಿ ಎನ್ನಬೇಕಾಗುತ್ತದೆ.

ಶರಣರ ಕಾಯಕಕ್ಕೆ ಅಳತೆಯೂ ಇತ್ತು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಥೆಯನ್ನು ನೆನೆಯಬಹುದು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಾದುದನ್ನು ಅಲ್ಲೇ ಸುರಿದು ಬರುವಂತೆ ಕಳಿಸಿದಳು. ಸಾಮಾನ್ಯವಾಗಿ ಇದನ್ನು ಅತಿಯಾಸೆಗೆ ಹೇಳಿದ ಬುದ್ಧಿಮಾತು ಎಂದು ಓದುತ್ತಾರೆ. ಇದಕ್ಕೆ ಇನ್ನೊಂದು ಅರ್ಥವೂ ಇದೆ. ಕಾಯಕಕ್ಕೆ ತಕ್ಕ ಫಲ ಎಂಬುದೊಂದಿದೆ, ಅದು ಮೀರಬಾರದು. ಮೀರಬಾರದು ಎಂದ ಮೇಲೆ ಕಡಿಮೆಯೂ ಆಗಬಾರದಲ್ಲವೆ? ಲಕ್ಕಮ್ಮ ಸೇರನ್ನು ಮಟ್ಟಸವಾಗಿ ಅಳೆದವಳು. ದುಡಿಸಿಕೊಳ್ಳುವವರ ಸೇರೂ ಅಷ್ಟೇ ಮಟ್ಟಸವಾಗಿರಬೇಕು.

ಇಷ್ಟೆಲ್ಲ ಕೂಡಿಸಿ ನೋಡಿದಾಗ ಅಧ್ಯಯನಗಳು ಹೇಳುವುದು ಇದನ್ನು. ಕಾಯಕಭಾವ ಬಾಳಿಗೆ ತೃಪ್ತಿ ತರಬಲ್ಲದು, ಆ ಭಾವವನ್ನು ನಿಜವಾಗಿ ಬಾಳಲು ಆಸ್ಪದವಿದ್ದರೆ. ತನ್ನ ದುಡಿಮೆ ಯಾರಿಗೆ ಮುಟ್ಟುತ್ತದೆ ಎಂಬುದು ಕಾಣುತ್ತಿದ್ದರೆ ಅದು ಬೆಳೆಯುತ್ತದೆ. ಅದನ್ನು ಸಂಬಳದ ಬದಲಿಗೆ ಕೊಡುವ ನಾಣ್ಯವಾಗಿ ಬಳಸಿದರೆ ಸವೆಯುತ್ತದೆ. ಕೆಲಸದಲ್ಲಿ ಅರ್ಥ ಹುಡುಕುವುದು ಕೆಲಸಗಾರನಿಗೆ ಬಿಟ್ಟದ್ದು. ಕೂಲಿಯನ್ನೂ ವಿರಾಮವನ್ನೂ ಸರಿಯಾಗಿ ಕೊಡುವುದು ಕೆಲಸ ಕೊಟ್ಟವನ ಹೊಣೆ. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸುವಂತಿಲ್ಲ.

ಮೊದಲನೆಯ ಕಂಡಕ್ಟರನ ಬಗ್ಗೆಯೂ ಒಂದು ಮಾತು. ಸಂಬಳಕ್ಕಾಗಿ ದುಡಿದು, ಸಂಜೆ ಮಗಳ ಲೆಕ್ಕದ ಪುಸ್ತಕ ತೆರೆದು ಕೂರುವ ಅವನ ಬಾಳು ಸಣ್ಣದೇನಲ್ಲ. ಅವನ ಕರೆ ಬಸ್ಸಿನಲ್ಲಿಲ್ಲದಿದ್ದರೆ ಮನೆಯಲ್ಲಿರಬಹುದು.

ಇನ್ನು ಆ ಮೂರನೆಯವನು. ಹೈಸ್ಕೂಲು ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಇಳಿಸಿ, ಹಾಲಿನ ಕ್ಯಾನು ಇಳಿಸಿ, ಸಂಜೆ ಡಿಪೋಗೆ ಬಂದು ಚೀಲದ ಹಣ ಎಣಿಸಿ ಒಪ್ಪಿಸುತ್ತಾನೆ. ಒಂದು ರೂಪಾಯಿ ಕಡಿಮೆ ಬಂದರೂ ಅವನೇ ಕಟ್ಟಿಕೊಡಬೇಕು. 'ಒಳ್ಳೆಯ ಮನುಷ್ಯ, ಇಲ್ಲವೆನ್ನುವುದಿಲ್ಲ' ಎಂದು ಎರಡನೆಯ ಪಾಳಿಯನ್ನೂ ಅವನ ತಲೆಗೇ ಕಟ್ಟದೆ, ಅವನ ಪಾಳಿ ಮುಗಿದ ಗಳಿಗೆಗೆ ಅವನನ್ನು ಮನೆಗೆ ಕಳಿಸಿದರೆ, ನಾಳೆ ಬೆಳಿಗ್ಗೆ ಆ ಕೊನೆಯ ಹಳ್ಳಿಯಿಂದ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೆ.